ಹಗ್ಗದ ಮೇಲೆ ಒಣಹಾಕಿದ ಮೋಡ

ನಮ್ಮ ಮನೆಯ ಜಗುಲಿಯ ಗೋಡೆಯಲ್ಲಿ 18 ಇಂಚು ಅಗಲ, 12 ಇಂಚು ಎತ್ತರದ ಒಂದು ಚಿತ್ರವಿದೆ. ಅಂಗಳದ ಎರಡು ಅಡಿಕೆ ಕಂಬಗಳ ನಡುವೆ ಬಟ್ಟೆ ಹಗ್ಗ ಕಟ್ಟಿದೆ. ತೊಳೆದ ದುಪ್ಪಟಿಯನ್ನು ಹರವುವ ಹಾಗೆ ಅಮ್ಮ ಆ ಹಗ್ಗದ ಮೇಲೆ ಒಂದು ಮೋಡವನ್ನು ಹರವುತ್ತಿದ್ದಾಳೆ. ಒಂದು ಕ್ಲಿಪ್ಪು ಹಾಕಿಯಾಗಿದೆ, ಇನ್ನೊಂದನ್ನು ಅವಳು ತುಟಿಯಲ್ಲಿ ಕಚ್ಚಿಕೊಂಡಿದ್ದಾಳೆ. ಮೋಡದ ಕೆಳ ಅಂಚಿನಿಂದ ನೀರು ತೊಟ್ಟಿಕ್ಕುತ್ತಿದೆ, ಅದರ ಕೆಳಗಿನ ಮಣ್ಣು ಒದ್ದೆಯಾಗಿ ಕಪ್ಪಾಗಿದೆ.

ಮಲೆನಾಡಿನ ಆಷಾಢವನ್ನು ಕಂಡವರಿಗೆ ಈ ಕಲ್ಪನೆ ಎಲ್ಲಿಂದ ಬಂತೆಂದು ವಿವರಿಸಬೇಕಾಗಿಲ್ಲ. ನಾಲ್ಕು ದಿನ ಕಳೆದರೂ ಬಟ್ಟೆ ಒಣಗುವುದಿಲ್ಲ. ಬಚ್ಚಲ ಒಲೆಯ ಮೇಲೆ ಗಳ ಕಟ್ಟಿ ಒಣಗಿಸಿದ ಅಂಗಿಯಿಂದ ಹೊಗೆಯ ವಾಸನೆ ಶ್ರಾವಣ ಮುಗಿಯುವವರೆಗೂ ಹೋಗುವುದಿಲ್ಲ. ಅಂಥದೊಂದು ಬೆಳಿಗ್ಗೆ ಅಮ್ಮ ಬಕೆಟ್ಟನ್ನು ಕೆಳಗಿಟ್ಟು, ಆಕಾಶ ನೋಡಿ, ‘ಈ ಮೋಡವನ್ನೇ ಹಿಂಡಿ ಒಣಹಾಕಬೇಕು’ ಎಂದಳು. ಆ ಮಾತು ನನ್ನ ಕಣ್ಣಿಗೆ ಚಿತ್ರವಾಗಿ ಕಂಡಿತು. ಅದನ್ನು ಪರದೆಯ ಮೇಲೆ ತರಲು ನನಗೆ 2019ರಿಂದ 2021ರವರೆಗೆ, ಮೂರು ಮಳೆಗಾಲಗಳು ಬೇಕಾದವು. ಮೂರು ಸಲವೂ ಮೊದಲಿನಿಂದ ಆರಂಭಿಸಿದ್ದೆ. ಮೊದಲ ಎರಡು ಚಿತ್ರಗಳು ಏಕೆ ನಿಲ್ಲಲಿಲ್ಲ, ಮೂರನೆಯದು ಹೇಗೆ ನಿಂತಿತು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ಏಕೆಂದರೆ ಫೋಟೊ ಎಡಿಟಿಂಗ್ ಎಂದರೆ ಯಾವ ಬಟನ್ ಒತ್ತಬೇಕು ಎಂಬುದಷ್ಟೇ ಎಂದು ನಾನೂ ಹತ್ತು ವರ್ಷ ನಂಬಿದ್ದೆ.

ಪಿಯುಸಿ ಮುಗಿಸಿದ ಮೇಲೆ, 2008ರಲ್ಲಿ, ಸಾಗರದ ಒಂದು ಸ್ಟುಡಿಯೊದಲ್ಲಿ ಕೆಲಸಕ್ಕೆ ಸೇರಿದೆ. ಪಾಸ್‌ಪೋರ್ಟ್ ಫೋಟೊಗಳ ಹಿನ್ನೆಲೆ ಬದಲಿಸುವುದು, ಹಳೆಯ ಫೋಟೊಗಳ ಬಿರುಕು ತೆಗೆಯುವುದು, ಪುಟಗಳ ಮೇಲೇ ಫೋಟೊ ಮುದ್ರಿಸುವ ಮದುವೆಯ ಕರಿಜ್ಮಾ ಆಲ್ಬಂಗೆ ಪುಟ ಜೋಡಿಸುವುದು ನನ್ನ ಪಾಲಿನ ಕೆಲಸಗಳಾಗಿದ್ದವು. ಅಲ್ಲಿ ಫೋಟೊಶಾಪ್ ಎಂಬ ಫೋಟೊ ತಿದ್ದುವ ತಂತ್ರಾಂಶದಲ್ಲಿ ನಾನು ಕಲಿತ ದೊಡ್ಡ ವಿದ್ಯೆಯೆಂದರೆ ‘ಕಟಿಂಗ್’, ಅಂದರೆ ವ್ಯಕ್ತಿಯನ್ನು ಹಿನ್ನೆಲೆಯಿಂದ ಬಿಡಿಸಿ ತೆಗೆಯುವುದು. ಪೆನ್ ಟೂಲ್ ಹಿಡಿದು ಮದುಮಗಳ ಸೀರೆಯ ಅಂಚು, ಜಡೆಯ ಮೊಗ್ಗು, ಬಳೆಗಳ ಸಂದು ಎಲ್ಲವನ್ನೂ ಸುತ್ತಿ ಬರುವುದು ಮೊದಮೊದಲು ಗಂಟೆಗಟ್ಟಲೆ ಹಿಡಿಯುತ್ತಿತ್ತು; ಎರಡು ವರ್ಷಗಳಲ್ಲಿ ಕೈ ಎಷ್ಟು ಪಳಗಿತೆಂದರೆ ಹತ್ತು ನಿಮಿಷಕ್ಕೊಂದು ಕಟಿಂಗ್ ಮುಗಿಯುತ್ತಿತ್ತು. ಹೀಗೆ ಬಿಡಿಸಿದ ಜೋಡಿಯನ್ನು ಹಿಮಾಲಯದ ಮುಂದೆ, ಜಲಪಾತದ ಪಕ್ಕದಲ್ಲಿ, ಗುಲಾಬಿ ತೋಟದಲ್ಲಿ ನಿಲ್ಲಿಸುತ್ತಿದ್ದೆವು. ಅವರು ಎಲ್ಲಿ ನಿಂತರೂ ಛತ್ರದ ಟ್ಯೂಬ್‌ಲೈಟಿನ ಬೆಳಕಿನಲ್ಲೇ ಇರುತ್ತಿದ್ದರು. ಅದು ನಮಗಾರಿಗೂ ತಪ್ಪೆಂದು ತೋರಿರಲಿಲ್ಲ. ಆಲ್ಬಂ ಸಂತೋಷದ ವಸ್ತು, ನಂಬಿಸುವ ಹೊಣೆ ಅದಕ್ಕಿರಲಿಲ್ಲ.

ಸ್ಟುಡಿಯೊದ ಯಜಮಾನರು ಫಿಲ್ಮ್ ಕಾಲದವರು. ಕರೆಂಟ್ ಹೋದ ಸಂಜೆಗಳಲ್ಲಿ ಆಗಿನ ಕ್ಯಾಮೆರಾದ ಮತ್ತು ಡಾರ್ಕ್‌ರೂಮಿನ, ಅಂದರೆ ಫೋಟೊ ಮುದ್ರಿಸುವ ಕತ್ತಲೆ ಕೋಣೆಯ, ಕೆಲಸದ ಬಗ್ಗೆ ಹೇಳುತ್ತಿದ್ದರು. ಲೆನ್ಸಿನ ಅರ್ಧಕ್ಕೆ ಕಪ್ಪು ಕಾಗದ ಮುಚ್ಚಿ ಒಬ್ಬನನ್ನು ಎಡಗಡೆ ಕೂರಿಸಿ ಫೋಟೊ ತೆಗೆಯುವುದು, ಫಿಲ್ಮನ್ನು ಮುಂದಕ್ಕೆ ಸರಿಸದೆ ಇನ್ನರ್ಧವನ್ನು ಮುಚ್ಚಿ ಅದೇ ವ್ಯಕ್ತಿಯನ್ನು ಬಲಗಡೆ ಕೂರಿಸಿ ಮತ್ತೆ ತೆಗೆಯುವುದು. ಹೀಗೆ ಒಬ್ಬನೇ ಮನುಷ್ಯ ತನ್ನೊಂದಿಗೆ ತಾನೇ ಚದುರಂಗ ಆಡುವ ಚಿತ್ರ ತಯಾರಾಗುತ್ತಿತ್ತು. ಅವರು ದಪ್ಪ ಕಾಗದದ ಬಿಲ್ಲೆಯೊಂದನ್ನು ತಂತಿಯ ತುದಿಗೆ ಅಂಟಿಸಿ, ನೆಗೆಟಿವನ್ನು ಕಾಗದದ ಮೇಲೆ ದೊಡ್ಡದಾಗಿ ಮೂಡಿಸುವ ಎನ್‌ಲಾರ್ಜರ್‌ನ ಬೆಳಕಿನ ದಾರಿಯಲ್ಲಿ ಆಡಿಸುತ್ತ ಮುಖದ ಭಾಗಕ್ಕೆ ಬೀಳುವ ಬೆಳಕನ್ನು ತಡೆದು ಮುಖವನ್ನು ತಿಳಿಯಾಗಿಸುತ್ತಿದ್ದ ಬಗೆಯನ್ನು ಕೈಯಲ್ಲೇ ಮಾಡಿ ತೋರಿಸಿದಾಗ, ಫೋಟೊಶಾಪ್‌ನಲ್ಲಿ ಚಿತ್ರವನ್ನು ತಿಳಿಯಾಗಿಸುವ ಡಾಡ್ಜ್ ಟೂಲಿನ ಚಿಹ್ನೆ ಕಡ್ಡಿಗೆ ಸಿಕ್ಕಿಸಿದ ಬಿಲ್ಲೆಯಂತೆ ಏಕಿದೆ, ಗಾಢವಾಗಿಸುವ ಬರ್ನ್ ಟೂಲಿನದು ಮಡಚಿದ ಕೈಯಂತೆ ಏಕಿದೆ ಎಂಬುದು ನನಗೆ ಮೊದಲ ಬಾರಿಗೆ ಅರ್ಥವಾಯಿತು. ನಾನು ದಿನವೂ ಒತ್ತುತ್ತಿದ್ದ ಬಟನ್ನುಗಳ ಹಿಂದೆ ಯಾರದೋ ಕೈಗಳಿದ್ದವು.

ಆಮೇಲೆ ಓದಿ ತಿಳಿದುಕೊಂಡದ್ದು ಹೆಚ್ಚು. ಹಲವು ಫೋಟೊಗಳನ್ನು ಸೇರಿಸಿ ಒಂದು ಕಲ್ಪನೆಯ ಚಿತ್ರ ಮಾಡುವ ಕೆಲಸ ಕಂಪ್ಯೂಟರಿಗಿಂತ ಬಹಳ ಹಿಂದಿನದು. ಇಂಗ್ಲೆಂಡಿನಲ್ಲಿದ್ದ ಆಸ್ಕರ್ ರೇಲ್ಯಾಂಡರ್ 1857ರಲ್ಲೇ ಮೂವತ್ತಕ್ಕೂ ಹೆಚ್ಚು ನೆಗೆಟಿವ್‌ಗಳನ್ನು ಒಂದೇ ಚಿತ್ರವಾಗಿ ಮುದ್ರಿಸಿದ್ದರು. ಅಮೆರಿಕದ ಜೆರ್ರಿ ಯುಲ್ಸ್‌ಮನ್ ಡಾರ್ಕ್‌ರೂಮಿನಲ್ಲಿ ಹಲವು ಎನ್‌ಲಾರ್ಜರ್‌ಗಳನ್ನು ಸಾಲಾಗಿ ಇಟ್ಟು, ಒಂದೊಂದರಲ್ಲಿ ಒಂದೊಂದು ನೆಗೆಟಿವ್ ಹಾಕಿ, ಅದೇ ಕಾಗದವನ್ನು ಒಂದರಿಂದ ಇನ್ನೊಂದಕ್ಕೆ ಒಯ್ಯುತ್ತ ಮರವನ್ನು ಆಕಾಶದಲ್ಲಿ ತೇಲಿಸುತ್ತಿದ್ದರು. 2022ರಲ್ಲಿ ತೀರಿಕೊಳ್ಳುವವರೆಗೂ ಅವರ ಹೆಸರು ಈ ಕೆಲಸದೊಂದಿಗೇ ಬೆಸೆದುಕೊಂಡಿತ್ತು. ಅವರ ಚಿತ್ರಗಳನ್ನು ನೋಡಿದಾಗ ನನಗೆ ಆದದ್ದು ಬೆರಗಲ್ಲ, ಸಮಾಧಾನ. ಆಲ್ಬಂನ ಹಿಮಾಲಯಕ್ಕೂ ಆ ತೇಲುವ ಮರಕ್ಕೂ ಏನೋ ದೊಡ್ಡ ವ್ಯತ್ಯಾಸವಿದೆ, ಅದನ್ನು ಕಲಿಯಲು ಸಾಧ್ಯವಿದೆ ಎಂಬ ಸಮಾಧಾನ.

ಸ್ಟುಡಿಯೊ ಬಿಟ್ಟು ಊರಿಗೆ ಮರಳಿದ ಮೇಲೆ ಮನೆಯ ಕಂಪ್ಯೂಟರಿನಲ್ಲಿ ಗಿಂಪ್ ಹಾಕಿಕೊಂಡೆ. ಅದೂ ಫೋಟೊ ತಿದ್ದುವುದೇ, ಆದರೆ ಉಚಿತವಾದ, ಮುಕ್ತವಾದ ತಂತ್ರಾಂಶ. ಫೋಟೊಶಾಪ್‌ನಿಂದ ಬಂದವರಿಗೆ ಮೊದಲ ತಿಂಗಳು ಕೈ ತಡವರಿಸುತ್ತದೆ, ಆಮೇಲೆ ಸರಿಹೋಗುತ್ತದೆ. ಕಲ್ಪನೆಯ ಚಿತ್ರ ಮಾಡಲು ಬೇಕಾಗುವ ಉಪಕರಣಗಳು ನಿಜಕ್ಕೂ ಕಡಿಮೆ: ಒಂದರ ಮೇಲೊಂದು ಹಾಸುವ ಪದರ ಎನ್ನಬಹುದಾದ ಲೇಯರ್, ಮಾಸ್ಕ್, ಬೆಳಕನ್ನು ಏರಿಸಿ ಇಳಿಸುವ ಕರ್ವ್ಸ್, ಮೇಲಿನ ಲೇಯರನ್ನು ಕೆಳಗಿನದರೊಂದಿಗೆ ಬೆರೆಸಿ ಕಪ್ಪಾಗಿಸುವ ಮಲ್ಟಿಪ್ಲೈ ಮತ್ತು ಬೆಳ್ಳಗಾಗಿಸುವ ಸ್ಕ್ರೀನ್ ಎಂಬ ಎರಡು ಬ್ಲೆಂಡಿಂಗ್ ಮೋಡ್‌ಗಳು, ಮೆದು ಅಂಚಿನ ಒಂದು ಬ್ರಷ್. ಫೋಟೊಶಾಪ್‌ಗೆ ಲೇಯರ್ ಬಂದದ್ದು 1994ರ ಮೂರನೆಯ ಆವೃತ್ತಿಯಲ್ಲಿ. ಅದಕ್ಕೆ ಮೊದಲು ಒಂದರ ಮೇಲೊಂದು ಅಂಟಿಸಿದ್ದು ಅಂಟಿಕೊಂಡೇ ಹೋಗುತ್ತಿತ್ತು ಎಂದು ನೆನೆದರೆ ಆಗಿನವರ ತಾಳ್ಮೆಗೆ ಕೈಮುಗಿಯಬೇಕೆನಿಸುತ್ತದೆ.

ಮಾಸ್ಕ್ ಬಗ್ಗೆ ಮಾತ್ರ ಸ್ವಲ್ಪ ನಿಂತು ಹೇಳಬೇಕು. ಸ್ಟುಡಿಯೊದಲ್ಲಿ ನಾನು ಬೇಡದ್ದನ್ನು ಎರೇಸರ್‌ನಿಂದ ಅಳಿಸುತ್ತಿದ್ದೆ. ಅಳಿಸಿದ್ದು ಹೋಯಿತು, ನಾಳೆ ಬೇಕೆಂದರೆ ಸಿಗುವುದಿಲ್ಲ. ಮಾಸ್ಕ್ ಎಂಬುದು ಲೇಯರಿನ ಮೇಲೆ ಹಾಸಿದ ಕಪ್ಪು ಬಿಳುಪಿನ ಇನ್ನೊಂದು ಚಿತ್ರ. ಅಲ್ಲಿ ಬಿಳಿ ಇದ್ದ ಕಡೆ ಲೇಯರ್ ಕಾಣುತ್ತದೆ, ಕಪ್ಪು ಇದ್ದ ಕಡೆ ಮರೆಯಾಗುತ್ತದೆ, ಬೂದು ಇದ್ದ ಕಡೆ ಅರೆಪಾರದರ್ಶಕವಾಗುತ್ತದೆ. ಏನನ್ನೂ ಕಳೆದುಕೊಳ್ಳದೆ ನೂರು ಸಲ ತಿದ್ದಬಹುದು. ಮೋಡಕ್ಕೆ ಅಂಚೇ ಇಲ್ಲ. ಅದು ಬಿಳುಪಿನಿಂದ ಬರಿದಾಗುವುದಕ್ಕೆ ಸಾವಿರ ಮೆಟ್ಟಿಲು ಇಳಿಯುತ್ತದೆ. ಅದನ್ನು ಪೆನ್ ಟೂಲಿನಿಂದ ಕತ್ತರಿಸಿದರೆ ಥರ್ಮೋಕೋಲ್ ಆಗುತ್ತದೆ. ನನ್ನ ಮೊದಲ ಮೋಡ ಥರ್ಮೋಕೋಲೇ ಆಗಿತ್ತು.

ಮೋಡಕ್ಕೆ ಮಾಸ್ಕನ್ನು ಕೈಯಿಂದ ಬರೆಯುವ ಬದಲು ಫೋಟೊದಿಂದಲೇ ಪಡೆಯುವ ದಾರಿಯೊಂದಿದೆ. ಬಣ್ಣದ ಚಿತ್ರವೆಂದರೆ ಕೆಂಪು, ಹಸಿರು, ನೀಲಿ ಎಂಬ ಮೂರು ಬೂದು ಚಿತ್ರಗಳ, ಅಂದರೆ ಚಾನೆಲ್‌ಗಳ, ಕೂಡಿಕೆ. ನೀಲಿ ಚಾನೆಲ್ ತೆರೆದು ನೋಡಿದರೆ ಆಕಾಶವೂ ಬೆಳ್ಳಗೆ, ಮೋಡವೂ ಬೆಳ್ಳಗೆ; ಎರಡೂ ಬೆರೆತುಹೋಗಿರುತ್ತವೆ. ಕೆಂಪು ಚಾನೆಲ್‌ನಲ್ಲಿ ಆಕಾಶ ಹೆಚ್ಚುಕಡಿಮೆ ಕಪ್ಪು, ಏಕೆಂದರೆ ನೀಲಿ ಆಕಾಶದಲ್ಲಿ ಕೆಂಪು ಬಹಳ ಕಡಿಮೆ. ಮೋಡ ಮಾತ್ರ ಬೆಳ್ಳಗೆ ಎದ್ದು ನಿಲ್ಲುತ್ತದೆ. ಗಿಂಪ್‌ನಲ್ಲಿ ಚಿತ್ರವನ್ನು ಡೀಕಂಪೋಸ್ ಮಾಡಿ, ಅಂದರೆ ಚಾನೆಲ್‌ಗಳಾಗಿ ಬಿಡಿಸಿ, ಆ ಕೆಂಪು ಚಾನೆಲ್‌ನ ಪ್ರತಿಯಲ್ಲಿ ಕಪ್ಪು ಬಿಳುಪಿನ ಅಂತರವನ್ನು ಲೆವೆಲ್ಸ್ ಎಂಬ ಉಪಕರಣದಿಂದ ಹೆಚ್ಚಿಸಿ, ಆಕಾಶ ಪೂರ್ತಿ ಕಪ್ಪಾಗುವವರೆಗೆ ಒತ್ತಿ, ಅದನ್ನೇ ಮೋಡದ ಲೇಯರಿಗೆ ಮಾಸ್ಕ್ ಮಾಡಿದೆ. ಎಳೆ ಎಳೆಯಾದ ಅಂಚುಗಳೆಲ್ಲ ತಾವಾಗಿಯೇ ಬಂದವು. ಅರೆಪಾರದರ್ಶಕ ಅಂಚುಗಳಲ್ಲಿ ಹಳೆಯ ಆಕಾಶದ ನೀಲಿ ಅಂಟಿಕೊಂಡಿತ್ತು. ಬಣ್ಣದ ಸಾಂದ್ರತೆಯನ್ನು ಅಂಚುಗಳಲ್ಲಿ ಮಾತ್ರ ಇಳಿಸಿದಾಗ ಅದೂ ಹೋಯಿತು. ಈ ಒಂದು ಉಪಾಯ ಕಲಿತ ದಿನ ಎಲ್ಲ ಗೆದ್ದೆನೆಂದು ಭಾವಿಸಿ, ಅಂಗಳದ ಫೋಟೊದ ಮೇಲೆ ಮೋಡವನ್ನು ಇಟ್ಟು ಅಮ್ಮನನ್ನು ಕರೆದು ತೋರಿಸಿದೆ.

ಅಮ್ಮ ಕನ್ನಡಕ ಹಾಕಿಕೊಂಡು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಕೇಳಿದಳು: ‘ಹಗ್ಗ ಯಾಕೆ ಜಗ್ಗಲಿಲ್ಲ? ಒಂದು ಒದ್ದೆ ಪಂಚೆ ಹಾಕಿದರೂ ಜಗ್ಗುತ್ತದೆ. ಇಷ್ಟು ನೀರು ಹೊತ್ತ ಮೋಡ ಹಾಕಿದರೆ ಹಗ್ಗ ನೆಟ್ಟಗೆ ಇರುತ್ತದೆಯೇ?’

ಈ ಕೆಲಸದಲ್ಲಿ ನಾನು ಕಲಿತದ್ದೆಲ್ಲ ಆ ಪ್ರಶ್ನೆಯಿಂದ ಹುಟ್ಟಿದ್ದು. ನಾನು ನಾಲ್ಕು ವಾರ ಮೋಡದ ಅಂಚುಗಳನ್ನೇ ತಿದ್ದುತ್ತ ಕೂತಿದ್ದೆ. ಅಮ್ಮ ಮೋಡವನ್ನು ನೋಡಲೇ ಇಲ್ಲ, ಹಗ್ಗವನ್ನು ನೋಡಿದಳು. ಮೋಡ ಹಗ್ಗದ ಮೇಲೆ ಹೇಗಿರಬೇಕೆಂದು ಯಾರೂ ಕಂಡಿಲ್ಲ, ಹಾಗಾಗಿ ಅದರಲ್ಲಿ ತಪ್ಪು ಹುಡುಕಲು ಯಾರಿಗೂ ಆಗುವುದಿಲ್ಲ. ಆದರೆ ಭಾರ ಬಿದ್ದ ಹಗ್ಗ ಹೇಗಿರುತ್ತದೆ, ಒದ್ದೆ ನೆಲ ಹೇಗಿರುತ್ತದೆ, ಏನನ್ನಾದರೂ ಎತ್ತಿ ಹಿಡಿದ ಕೈಯ ನರ ಹೇಗೆ ಎದ್ದಿರುತ್ತದೆ ಎಂಬುದನ್ನು ಎಲ್ಲರೂ ಜೀವಮಾನವಿಡೀ ಕಂಡಿರುತ್ತಾರೆ. ಇಲ್ಲದ ವಸ್ತುವೊಂದು ಇದೆ ಎಂದು ನಂಬಿಸಬೇಕಾದರೆ, ಅದು ಪಕ್ಕದಲ್ಲಿ ನಿಜವಾಗಿ ಇರುವ ವಸ್ತುಗಳಿಗೆ ಏನು ಮಾಡುತ್ತಿದೆ ಎಂಬುದನ್ನು ತೋರಿಸಬೇಕು. ಅಂದಿನಿಂದ ನನ್ನ ಶ್ರಮದ ದೊಡ್ಡ ಪಾಲು ಮೋಡದ ಮೇಲಲ್ಲ, ಮೋಡದ ಸುತ್ತಲಿನ ಮೇಲೆ ಹೋಯಿತು.

ಮೊದಲು ಹಗ್ಗ. ಅದನ್ನು ಕಂಪ್ಯೂಟರಿನಲ್ಲಿ ಬಗ್ಗಿಸಿ ನೋಡಿದೆ. ಬಿಲ್ಲಿನಂತೆ ಬಾಗಿತೇ ಹೊರತು ಭಾರ ಬಿದ್ದಂತೆ ಕಾಣಲಿಲ್ಲ. ಕೊನೆಗೆ ನಿಜವಾದ ಭಾರವನ್ನೇ ತೂಗಿಹಾಕಿದೆ. ದಪ್ಪ ಹತ್ತಿಯ ಜಮಖಾನವೊಂದನ್ನು ನೀರಿನಲ್ಲಿ ಅದ್ದಿ, ಹಿಂಡದೆ, ಹಗ್ಗದ ಮೇಲೆ ಹಾಕಿದಾಗ ಕಂಡದ್ದು ಬೇರೆಯೇ ಆಕಾರ: ಜಮಖಾನದ ಎರಡು ತುದಿಗಳಲ್ಲಿ ಹಗ್ಗ ಮುರಿದಂತೆ ಕೋನ ಮಾಡಿಕೊಂಡು, ಅಲ್ಲಿಂದ ಕಂಬದವರೆಗೆ ನೇರವಾಗಿ, ಬಿಗಿಯಾಗಿ ಎಳೆದು ನಿಂತಿತ್ತು, ಬಾಗು ಇದ್ದದ್ದು ಜಮಖಾನದ ಕೆಳಗೆ ಮಾತ್ರ. ಎಡಗಡೆಯ ಕಂಬವೂ ಒಂದಿಷ್ಟು ಒಳಕ್ಕೆ ವಾಲಿತ್ತು. ಇದನ್ನು ಊಹೆಯಿಂದ ಬರೆಯಲು ನನಗೆ ಎಂದಿಗೂ ಆಗುತ್ತಿರಲಿಲ್ಲ. ಟ್ರೈಪಾಡ್ ಮೇಲೆ ಕ್ಯಾಮೆರಾ ಕದಲದಂತೆ ನಿಲ್ಲಿಸಿ, ಜಮಖಾನ ಇರುವ ಒಂದು ಫೋಟೊ, ಹಗ್ಗ ಬಿಚ್ಚಿದ ಖಾಲಿ ಅಂಗಳದ ಒಂದು ಫೋಟೊ ತೆಗೆದುಕೊಂಡೆ. ಎರಡನ್ನೂ ಒಂದರ ಮೇಲೊಂದು ಇಟ್ಟು, ಮೊದಲನೆಯದರಿಂದ ಜಗ್ಗಿದ ಹಗ್ಗವನ್ನೂ ವಾಲಿದ ಕಂಬವನ್ನೂ ಉಳಿಸಿಕೊಂಡು, ಜಮಖಾನವನ್ನು ಮಾಸ್ಕ್‌ನಿಂದ ಮರೆಮಾಡಿದರೆ, ಅದರ ಹಿಂದಿನ ಗೋಡೆ, ತುಳಸಿಕಟ್ಟೆ ಎಲ್ಲ ಎರಡನೆಯ ಫೋಟೊದಿಂದ ತಾನಾಗಿ ಬಂದು ಕೂರುತ್ತವೆ. ಖಾಲಿ ಜಾಗದ ಈ ಫೋಟೊವನ್ನು ತೆಗೆಯಲು ಮರೆತು ಆಮೇಲೆ ದಿನಗಟ್ಟಲೆ, ಚಿತ್ರದ ಒಂದು ಕಡೆಯದನ್ನು ನಕಲಿಸಿ ಇನ್ನೊಂದು ಕಡೆ ಬಳಿಯುವ ಕ್ಲೋನ್ ಟೂಲ್ ಹಿಡಿದು ಕೂತವರನ್ನು ನಾನು ಬಲ್ಲೆ. ಈಗ ಎಲ್ಲಿ ಹೋದರೂ ಮೊದಲ ಫ್ರೇಮು ಖಾಲಿಯದೇ.

ಕೈಗಳದ್ದೂ ಇದೇ ಕಥೆ. ಮೊದಲ ಚಿತ್ರದಲ್ಲಿ ಅಮ್ಮ ಬರಿಗೈ ಎತ್ತಿ ನಿಂತಿದ್ದಳು. ಏನನ್ನೂ ಹಿಡಿಯದ ಬೆರಳುಗಳು ಹಿಡಿದಂತೆ ನಟಿಸಿದರೆ ಅದು ಎಷ್ಟು ದೂರದಿಂದಲೂ ಗೊತ್ತಾಗುತ್ತದೆ. ಮೂರನೆಯ ಸಲ ಹಳೆಯ ದಿಂಬಿನಿಂದ ಬೂರುಗದ ಹತ್ತಿ ತೆಗೆದು, ಬಿಳಿಯ ತೆಳು ಬಟ್ಟೆಯಲ್ಲಿ ಸಡಿಲವಾಗಿ ಸುತ್ತಿ ಅವಳ ಕೈಗೆ ಕೊಟ್ಟೆ. ಬೆರಳು ಹತ್ತಿಯೊಳಗೆ ಹುದುಗಿತು, ಹೆಬ್ಬೆರಳಿನ ಸುತ್ತ ಬಟ್ಟೆ ಉಬ್ಬಿ ನಿಂತಿತು, ಬೆಳ್ಳಗಿನ ಬಟ್ಟೆಯಿಂದ ತಿರುಗಿ ಬಂದ ಬೆಳಕು ಅಂಗೈಯ ನೆರಳಿನ ಭಾಗವನ್ನು ತಿಳಿಯಾಗಿಸಿತು. ಅಂತಿಮ ಚಿತ್ರದಲ್ಲಿ ಅವಳ ಬೆರಳುಗಳ ಸುತ್ತ ಒಂದು ಗೇಣು ಜಾಗದಲ್ಲಿ ಇರುವುದು ಮೋಡವಲ್ಲ, ಆ ಹತ್ತಿಯೇ. ಅಲ್ಲಿಂದ ಹೊರಕ್ಕೆ ಸಾಗುತ್ತ ಮೆಲ್ಲನೆ ಮೋಡವಾಗುತ್ತದೆ. ಕ್ಲಿಪ್ಪಿನ ಬಾಯಿಯ ಬಳಿಯೂ ಹಾಗೆಯೇ ಮಾಡಿದೆ.

ಎರಡನೆಯ ಸಲದ ಚಿತ್ರ 2020ರಲ್ಲಿ, ಎಲ್ಲರೂ ಮನೆಯೊಳಗೆ ಉಳಿದ ಕಾಲದಲ್ಲಿ ಮಾಡಿದ್ದು. ಹಗ್ಗ ಸರಿಯಾಗಿತ್ತು, ಆದರೂ ಮೋಡ ಚಿತ್ರದೊಳಗೆ ಸೇರದೆ ಮುಂದಕ್ಕೆ ಬಂದು ನಿಂತಂತೆ ಇತ್ತು. ಕಾರಣ ತಿಳಿಯಲು ತಿಂಗಳು ಹಿಡಿಯಿತು. ಮಲೆನಾಡಿನ ಮಳೆಗಾಲದಲ್ಲಿ ಬಿಡಿ ಮೋಡ ಸಿಗುವುದಿಲ್ಲ, ಆಕಾಶವಿಡೀ ಒಂದೇ ಹೊದಿಕೆ. ಹಾಗಾಗಿ ಮೋಡದ ಫೋಟೊವನ್ನು ಹಿಂದಿನ ಸೆಪ್ಟೆಂಬರಿನಲ್ಲಿ ಚಿತ್ರದುರ್ಗದ ಕಡೆ ಹೋದಾಗ ತೆಗೆದಿದ್ದೆ. ಅದರ ಒಂದು ಮಗ್ಗುಲಿಗೆ ಬಿಸಿಲು ಹೊಡೆದು ಬೆಳ್ಳಗೆ, ಇನ್ನೊಂದು ಮಗ್ಗುಲು ಬೂದು. ನಮ್ಮ ಅಂಗಳವಾದರೋ ಕವಿದ ಆಕಾಶದ ಕೆಳಗೆ, ಯಾವುದಕ್ಕೂ ನೆರಳಿಲ್ಲದೆ ನಿಂತಿತ್ತು. ಎರಡು ಬೆಳಕುಗಳು ಒಂದೇ ಚಿತ್ರದಲ್ಲಿದ್ದವು. ಛತ್ರದ ಟ್ಯೂಬ್‌ಲೈಟಿನಲ್ಲಿ ಹಿಮಾಲಯ ಹತ್ತಿದ ಮದುಮಕ್ಕಳ ತಪ್ಪನ್ನೇ ನಾನು ಮತ್ತೆ ಮಾಡಿದ್ದೆ. ಮೋಡದ ಬೆಳಕನ್ನು ಕರ್ವ್ಸ್‌ನಿಂದ ತಗ್ಗಿಸಿ ನೋಡಿದೆ. ಅದರ ಜೀವವೇ ಹೋಯಿತು.

ಹಾಗಾದರೆ ಅಂಗಳಕ್ಕೇ ಬಿಸಿಲು ಬರಬೇಕು. ಮಳೆ ಹೊಳವಾಗುವ ಆ ಅರ್ಧ ಗಂಟೆಗಾಗಿ ಮರು ವರ್ಷ ಹನ್ನೊಂದು ಸಂಜೆ ಕಾದೆ. ಹನ್ನೆರಡನೆಯ ಸಂಜೆ ನಾಲ್ಕೂವರೆಗೆ ಪಶ್ಚಿಮದಿಂದ ಓರೆಯಾಗಿ ಬಿಸಿಲು ಬಿತ್ತು. ಜಮಖಾನ ಮೊದಲೇ ನೆನೆದಿತ್ತು, ಟ್ರೈಪಾಡಿನ ಕಾಲುಗಳಿಗೆ ನೆಲದಲ್ಲಿ ಸುಣ್ಣದ ಗುರುತು ಹಾಕಿಟ್ಟಿದ್ದೆ, ಅಮ್ಮ ಒಲೆಯ ಕೆಲಸ ಬಿಟ್ಟು ಓಡಿಬಂದಳು. ಇಪ್ಪತ್ತು ನಿಮಿಷದಲ್ಲಿ ಬೇಕಾದ ಫ್ರೇಮುಗಳೆಲ್ಲ ಸಿಕ್ಕವು. ಚಿತ್ರದುರ್ಗದ ಮೋಡಕ್ಕೆ ಬಿಸಿಲು ಬಲದಿಂದ ಬಿದ್ದಿತ್ತು, ಅಂಗಳಕ್ಕೆ ಎಡದಿಂದ. ಮೋಡವನ್ನು ಎಡಬಲ ತಿರುಗಿಸಿದರೆ ಸಾಕಾಯಿತು. ಮೋಡದಲ್ಲಿ ಅಕ್ಷರವಿಲ್ಲ, ಅಂಗಿಯ ಗುಂಡಿಯಿಲ್ಲ, ಹಾಗಾಗಿ ತಿರುಗಿಸಿದ್ದು ಯಾರಿಗೂ ತಿಳಿಯುವುದಿಲ್ಲ.

ಮೋಡ ಆರಿಸುವುದರಲ್ಲೇ ಒಂದು ಎಚ್ಚರ ಬೇಕು. ನೆತ್ತಿಯ ಮೇಲಿನ ಮೋಡವನ್ನು ತೆಗೆದರೆ ಅದರ ಹೊಟ್ಟೆ ಕಾಣುತ್ತದೆ. ಅದನ್ನು ಕಣ್ಣಿನ ಮಟ್ಟದ ಹಗ್ಗಕ್ಕೆ ಹಾಕಿದರೆ ಎಲ್ಲೋ ಏನೋ ಓರೆ ಎನಿಸುತ್ತದೆ. ದಿಗಂತದ ಬಳಿ, ಗುಡ್ಡಗಳ ಮೇಲೆ ಸ್ವಲ್ಪವೇ ಎತ್ತರದಲ್ಲಿ ನಿಂತ ಮೋಡದ ಮಗ್ಗುಲು ಕಾಣುತ್ತದೆ, ಅದು ಬೇಕಾದದ್ದು. ಆದರೆ ಅಷ್ಟು ದೂರದ ಮೋಡದ ಮುಂದೆ ಹತ್ತಾರು ಕಿಲೋಮೀಟರ್ ಗಾಳಿ ಇರುತ್ತದೆ, ಅದರ ಕಪ್ಪು ಭಾಗಗಳು ನೀಲಿಯಾಗಿ ಮಂಕಾಗಿರುತ್ತವೆ. ಆರು ಅಡಿ ದೂರದ ವಸ್ತುವಿಗೆ ಆ ಮಂಕು ಸಲ್ಲದು. ನೆರಳಿನ ಭಾಗಗಳನ್ನು ಕರ್ವ್ಸ್‌ನಿಂದ ಕೆಳಗಿಳಿಸಿ, ನೀಲಿಯನ್ನು ತುಸು ತೆಗೆದು, ಮೋಡವನ್ನು ಚಿತ್ರದುರ್ಗದಿಂದ ಅಂಗಳದವರೆಗೆ ತಂದೆ.

ನೆರಳಿಗೆ ಬಹಳ ದಿನ ಕೊಟ್ಟೆ. ಅಲ್ಲಿಯವರೆಗೆ ನೆರಳೆಂದರೆ ನನಗೆ ಕಪ್ಪು ಬಣ್ಣ. ಪ್ರತಿ ಬಣ್ಣವನ್ನೂ 0ಯಿಂದ 255ರವರೆಗಿನ ಸಂಖ್ಯೆಯಾಗಿ ತೋರಿಸುವ ಕಲರ್ ಪಿಕ್ಕರನ್ನು ಕಂಬದ ನಿಜವಾದ ನೆರಳಿನ ಮೇಲೆ ಇಟ್ಟು ಅಳೆದಾಗ ಬೇರೆ ಸಂಗತಿ ತಿಳಿಯಿತು. ಬಿಸಿಲಿನ ಮಣ್ಣಿನಲ್ಲಿ ಕೆಂಪು 170, ಹಸಿರು 120, ನೀಲಿ 85; ಪಕ್ಕದ ನೆರಳಿನ ಮಣ್ಣಿನಲ್ಲಿ ಕೆಂಪು 70, ಹಸಿರು 58, ನೀಲಿ 50. ಕೆಂಪು ಅರ್ಧಕ್ಕಿಂತ ಕೆಳಗೆ ಇಳಿದಿದೆ, ನೀಲಿ ಅಷ್ಟು ಇಳಿದಿಲ್ಲ. ನೆರಳಿಗೆ ಸೂರ್ಯನ ಬೆಳಕು ತಪ್ಪಿದರೂ ನೀಲಿ ಆಕಾಶದ ಬೆಳಕು ಬೀಳುತ್ತಲೇ ಇರುವುದು ಇದಕ್ಕೆ ಕಾರಣ. ಮಲ್ಟಿಪ್ಲೈ ಮೋಡ್‌ನಲ್ಲಿ ಮೇಲಿನ ಲೇಯರಿನ ಸಂಖ್ಯೆಯನ್ನು ಕೆಳಗಿನದರಿಂದ ಗುಣಿಸಿ 255ರಿಂದ ಭಾಗಿಸಲಾಗುತ್ತದೆ. ಆದ್ದರಿಂದ ನೆರಳಿನ ಸಂಖ್ಯೆಗಳನ್ನು ಬಿಸಿಲಿನವುಗಳಿಂದ ಭಾಗಿಸಿ, ಬಂದ ಅನುಪಾತಗಳನ್ನು 255ರಿಂದ ಗುಣಿಸಿ ಕೆಂಪು 105, ಹಸಿರು 123, ನೀಲಿ 150 ಎಂಬ ಒಂದು ಮಾಸಲು ನೀಲಿಯನ್ನು ಪಡೆದು, ಮಲ್ಟಿಪ್ಲೈ ಲೇಯರಿನಲ್ಲಿ ನೆಲದ ಮೇಲೆ ಬಳಿದೆ. ಬರೆದ ನೆರಳು ಕಂಬದ ನೆರಳಿನ ಪಕ್ಕದಲ್ಲಿ ಬೇರೆಯಾಗಿ ಕಾಣದೆ ಬೆರೆತುಹೋಯಿತು. ಈಗ ಯಾವ ಚಿತ್ರದಲ್ಲಾದರೂ ನಿಜವಾದ ಒಂದು ನೆರಳು ಫ್ರೇಮಿನಲ್ಲಿ ಇರುವಂತೆ ನೋಡಿಕೊಳ್ಳುತ್ತೇನೆ, ಅಳತೆಗೆ ಬೇಕೆಂದು.

ನೆರಳಿನ ಅಂಚು ಎಷ್ಟು ಮೆದುವಾಗಿರಬೇಕು ಎಂಬುದಕ್ಕೂ ಲೆಕ್ಕವಿದೆ. ಸೂರ್ಯ ಆಕಾಶದಲ್ಲಿ ಒಂದು ಚುಕ್ಕೆಯಲ್ಲ, ಸುಮಾರು ಅರ್ಧ ಡಿಗ್ರಿ ಅಗಲದ ಬಿಲ್ಲೆ. ಆದ್ದರಿಂದ ವಸ್ತುವಿಗೂ ನೆರಳಿಗೂ ಇರುವ ಅಂತರ ಒಂದು ಮೀಟರ್ ಹೆಚ್ಚಿದಂತೆ ನೆರಳಿನ ಅಂಚು ಸುಮಾರು 9 ಮಿಲಿಮೀಟರ್ ಮಸುಕಾಗುತ್ತ ಹೋಗುತ್ತದೆ. ಆರಡಿ ಎತ್ತರದ ಹಗ್ಗದಿಂದ ಓರೆ ಬಿಸಿಲು ನೆಲ ಮುಟ್ಟುವಾಗ ಮೂರು ಮೀಟರಿಗೂ ತುಸು ಹೆಚ್ಚು ದಾರಿ ಸಾಗಿರುತ್ತದೆ, ಅಲ್ಲಿ ಅಂಚಿನ ಮಸುಕು ಸುಮಾರು 3 ಸೆಂಟಿಮೀಟರ್. ನಮ್ಮ ಹಗ್ಗ 6 ಮಿಲಿಮೀಟರ್ ದಪ್ಪ. ಅಂದರೆ ಹಗ್ಗದ ನೆರಳು ನೆಲದಲ್ಲಿ ಗೆರೆಯಾಗಿ ಬೀಳಲು ಸಾಧ್ಯವೇ ಇಲ್ಲ, ಇದೆಯೋ ಇಲ್ಲವೋ ಎಂಬಷ್ಟು ತೆಳುವಾದ ಪಟ್ಟಿಯಾಗಿರುತ್ತದೆ. ಅಂಗಳಕ್ಕೆ ಹೋಗಿ ಬಗ್ಗಿ ನೋಡಿದೆ, ಹಾಗೆಯೇ ಇತ್ತು. ಮೂವತ್ತು ವರ್ಷ ಅದೇ ಅಂಗಳದಲ್ಲಿ ಓಡಾಡಿದವನು ಬಟ್ಟೆ ಹಗ್ಗಕ್ಕೆ ನೆರಳು ಎಷ್ಟಿರುತ್ತದೆ ಎಂದು ಅಂದು ಮೊದಲು ನೋಡಿದೆ. ಅದೇ ಹಗ್ಗ ಕಂಬಕ್ಕೆ ಸುತ್ತಿಕೊಂಡ ಕಡೆ ನೆರಳು ಬ್ಲೇಡಿನಿಂದ ಗೀರಿದಷ್ಟು ಚೂಪಾಗಿತ್ತು.

ಒದ್ದೆ ನೆಲಕ್ಕೂ ಹಗ್ಗದ ಉಪಾಯವೇ ಒದಗಿತು. ಫೋಟೊ ತೆಗೆದ ಮೇಲೆ ಕ್ಯಾಮೆರಾ ಕದಲಿಸದೆ, ಮೋಡ ಬರಬೇಕಾದ ಜಾಗದ ಕೆಳಗೆ ನಾಲ್ಕು ತಂಬಿಗೆ ನೀರು ಸುರಿದು ಇನ್ನೊಂದು ಫ್ರೇಮು ತೆಗೆದೆ. ಒದ್ದೆ ಮಣ್ಣು ಬರೀ ಕಪ್ಪಾದ ಮಣ್ಣಲ್ಲ. ಅದರಲ್ಲಿ ಸಣ್ಣ ಸಣ್ಣ ಹೊಳಪುಗಳು ಏಳುತ್ತವೆ, ಹೆಜ್ಜೆಯ ಗುಳಿಗಳಲ್ಲಿ ಆಕಾಶ ಕಾಣುತ್ತದೆ. ತೊಟ್ಟಿಕ್ಕುವ ಹನಿಗಳನ್ನು ಮಾತ್ರ ಬ್ರಷ್‌ನಿಂದ ಬರೆಯುವೆನೆಂದು ಗುಂಡು ಗುಂಡಾದ ಮುತ್ತಿನಂಥ ಹನಿಗಳನ್ನು ಬರೆದೆ; ಎಲ್ಲ ಕೆಟ್ಟಿತು. ಒಂದು ಮೀಟರ್ ಬಿದ್ದ ಹನಿಯ ವೇಗ ಸೆಕೆಂಡಿಗೆ ನಾಲ್ಕು ಮೀಟರಿಗಿಂತ ಹೆಚ್ಚು. ಸೆಕೆಂಡಿನ 1/125 ಭಾಗ ಶಟರ್ ತೆರೆದಿದ್ದರೆ ಅಷ್ಟರಲ್ಲಿ ಅದು ಮೂರು ಸೆಂಟಿಮೀಟರಿಗಿಂತ ಹೆಚ್ಚು ಇಳಿದಿರುತ್ತದೆ, ಆದ್ದರಿಂದ ಫೋಟೊದಲ್ಲಿ ಹನಿ ಗೆರೆಯಾಗಿ ಕಾಣಬೇಕು. ಹಂಚಿನ ಸೂರಿನಿಂದ ಬೀಳುವ ಹನಿಗಳನ್ನು ಕಪ್ಪು ಕಂಬಳಿಯ ಮುಂದೆ ಅದೇ ಶಟರ್ ವೇಗದಲ್ಲಿ ತೆಗೆದು, ಸ್ಕ್ರೀನ್ ಮೋಡ್‌ನಲ್ಲಿ ಮೇಲೆ ಇಟ್ಟೆ. ಸ್ಕ್ರೀನ್‌ನಲ್ಲಿ ಕಪ್ಪು ಪೂರ್ತಿ ಮಾಯವಾಗಿ ಬೆಳಕಿನ ಗೆರೆಗಳು ಮಾತ್ರ ಉಳಿಯುತ್ತವೆ, ಮಾಸ್ಕ್‌ನ ಅಗತ್ಯವೇ ಬೀಳುವುದಿಲ್ಲ.

ಕೊನೆಯ ಹಂತದ ಕೆಲಸಗಳು ಸಣ್ಣವು. ಐಎಸ್‌ಒ ಎಂದರೆ ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಎಂಬ ಅಳತೆ; ಮೋಡದ ಫೋಟೊ ಐಎಸ್‌ಒ 100ರಲ್ಲಿ, ಅಂಗಳದ್ದು 800ರಲ್ಲಿ ತೆಗೆದದ್ದು. ಒಂದು ನುಣುಪು, ಇನ್ನೊಂದು ಹರಳು ಹರಳು. ಮೋಡಕ್ಕೆ ಅಳತೆಯಷ್ಟು ನಾಯ್ಸ್, ಅಂದರೆ ಅದೇ ಹರಳು, ಸೇರಿಸಿ ಎರಡನ್ನೂ ಒಂದೇ ಕಾಗದಕ್ಕೆ ತಂದಂತಾಯಿತು. ಮೋಡದ ಮೆಲುವಾದ ಏರಿಳಿತಗಳು ಎಂಟು ಬಿಟ್‌ನ 256 ಮೆಟ್ಟಿಲುಗಳಲ್ಲಿ ಪಟ್ಟೆ ಪಟ್ಟೆಯಾಗಿ ಒಡೆಯುತ್ತಿದ್ದುದರಿಂದ ಕೆಲಸವನ್ನೆಲ್ಲ ಬಹಳ ಹೆಚ್ಚು ಮೆಟ್ಟಿಲುಗಳಿರುವ ಹದಿನಾರು ಬಿಟ್‌ನಲ್ಲೇ ಮಾಡಿದೆ. ಗಿಂಪ್‌ಗೆ ಈ ಅನುಕೂಲ 2018ರ 2.10 ಆವೃತ್ತಿಯಲ್ಲಿ ಬಂತು. 2025ರಲ್ಲಿ ಬಂದ 3.0ರಲ್ಲಿ ಫಿಲ್ಟರುಗಳನ್ನೂ ಹಿಂದಿರುಗಿ ತಿದ್ದಲು ಸಾಧ್ಯವಾಗಿರುವುದು ನನ್ನಂಥ ನಿಧಾನದ ಕೆಲಸಗಾರರಿಗೆ ದೊಡ್ಡ ಉಪಕಾರ. ಚಿತ್ರ ಮುಗಿಯಿತೆನಿಸಿದಾಗ ಎಲ್ಲಕ್ಕಿಂತ ಮೇಲೆ ಒಂದು ಲೇಯರ್ ಹಾಕಿ ಬಣ್ಣ ತೆಗೆದು ಬರೀ ಬೂದಿನಲ್ಲಿ ನೋಡುತ್ತೇನೆ, ಆಮೇಲೆ ಬಣ್ಣವನ್ನು ವಿಪರೀತಕ್ಕೆ ಏರಿಸಿ ನೋಡುತ್ತೇನೆ. ಮೊದಲನೆಯದರಲ್ಲಿ ಬೆಳಕಿನ ತಪ್ಪು, ಎರಡನೆಯದರಲ್ಲಿ ಬಣ್ಣದ ತಪ್ಪು ಮುಖಕ್ಕೆ ಹೊಡೆದಂತೆ ಕಾಣುತ್ತದೆ. ಆಮೇಲೆ ಚಿತ್ರವನ್ನು ಎಡಬಲ ತಿರುಗಿಸಿ ಒಂದು ರಾತ್ರಿ ಬಿಟ್ಟು ನೋಡುತ್ತೇನೆ.

ಇಂಥ ಕೆಲಸದಲ್ಲಿ ಒಂದು ನಿಯಮವನ್ನು ನಾನು ಮುರಿಯುವುದಿಲ್ಲ. ಚಿತ್ರದ ಪ್ರತಿಯೊಂದು ತುಣುಕೂ ನಾನೇ ತೆಗೆದ ಫೋಟೊ ಆಗಿರಬೇಕು. ಹಲವು ಅಂತರರಾಷ್ಟ್ರೀಯ ಛಾಯಾಚಿತ್ರ ಸ್ಪರ್ಧೆಗಳ ನಿಯಮವೂ ಅದೇ. ನಿಸರ್ಗ ವಿಭಾಗದಲ್ಲಂತೂ ಏನನ್ನೂ ಸೇರಿಸುವಂತಿಲ್ಲ, ತೆಗೆಯುವಂತಿಲ್ಲ. ಅದು ಸರಿಯಾದದ್ದು. ಚಿತ್ರದ ಕೆಳಗೆ ಇದು ಹಲವು ಫೋಟೊಗಳನ್ನು ಸೇರಿಸಿ ಮಾಡಿದ್ದೆಂದು ಬರೆಯಲು ನನಗೆ ಯಾವ ಸಂಕೋಚವೂ ಇಲ್ಲ, ಬದಲಿಗೆ ಆ ಸಾಲೇ ನನ್ನ ಕೆಲಸದ ಹೆಸರು. ಈಗ ‘ಹಗ್ಗದ ಮೇಲೆ ಮೋಡ’ ಎಂದು ಟೈಪ್ ಮಾಡಿದರೆ ಅರೆ ನಿಮಿಷದಲ್ಲಿ ಚಿತ್ರ ಕೊಡುವ ಯಂತ್ರಗಳು ಬಂದಿವೆ, ಅವು ಕೊಡುವ ಚಿತ್ರ ಚೆಂದವೂ ಇರುತ್ತದೆ. ಆದರೆ ಆ ಹಗ್ಗವನ್ನು ಅಮ್ಮ ಕಟ್ಟಿರುವುದಿಲ್ಲ, ಆ ಕಂಬದ ಬುಡದಲ್ಲಿ ನಮ್ಮ ಮನೆಯ ಪಾಚಿ ಇರುವುದಿಲ್ಲ. ನನಗೆ ಬೇಕಾಗಿದ್ದದ್ದು ನಮ್ಮ ಅಂಗಳಕ್ಕೆ ಮೋಡ ಇಳಿದು ಬರುವುದು.

ಈಗ ಕೈಯಲ್ಲಿರುವುದು ಬಚ್ಚಲಿನ ತಾಮ್ರದ ಹಂಡೆಯೊಳಗೆ ಹುಣ್ಣಿಮೆಯ ಚಂದ್ರ ಮುಳುಗಿರುವ ಚಿತ್ರ. ಚಂದ್ರನ ಫೋಟೊ ಕಾರ್ತಿಕದಲ್ಲೇ ಆಗಿದೆ. ಅದಕ್ಕೆ ಬೀಳುವುದು ಹಗಲಿನ ಬಿಸಿಲೇ ಆದ್ದರಿಂದ ಲೆನ್ಸಿನ ಕಿಂಡಿ ಎಫ್ 11, ಶಟರ್ ಸೆಕೆಂಡಿನ 1/125, ಐಎಸ್‌ಒ 100ರಲ್ಲಿ ಅದರ ಕಲೆಗಳೆಲ್ಲ ಸ್ಪಷ್ಟವಾಗಿ ಬಂದಿವೆ. ಅದು ಸುಲಭದ ಭಾಗ. ಕಳೆದ ವಾರ ಒಂದು 9 ವಾಟ್ ಎಲ್‌ಇಡಿ ಬಲ್ಬನ್ನು ಗಾಜಿನ ಭರಣಿಯಲ್ಲಿಟ್ಟು ಬಾಯಿ ಭದ್ರಮಾಡಿ, ಬ್ಯಾಟರಿಗೆ ಜೋಡಿಸಿ, ಬೆಣ್ಣೆಕಾಗದ ಸುತ್ತಿ, ಒಣ ಹಂಡೆಯೊಳಗೆ ಇಳಿಸಿ ನೋಡಿದೆ. ತಾಮ್ರದ ಒಳಮೈಯಿಂದ ತಿರುಗಿ ಬಂದ ಬೆಳಕು ಬಗ್ಗಿ ನೋಡುತ್ತಿದ್ದ ಅಮ್ಮನ ಗಲ್ಲದ ಕೆಳಗೆ, ಮೂಗುಬೊಟ್ಟಿನ ಕೆಳಗೆ ಕೆಂಪಾಗಿ ಬಿತ್ತು. ಚಂದ್ರನ ಬೆಳಕು ಬೆಳ್ಳಗೆ, ಮುಖಕ್ಕೆ ಬಿದ್ದದ್ದು ಕೆಂಪು. ಹಾಗಿದ್ದರೂ ನೋಡಿದ ಕೂಡಲೇ ಸರಿಯೆನಿಸಿತು, ಏಕೆಂದರೆ ಹಂಡೆ ತಾಮ್ರದ್ದು. ಇನ್ನು ನೀರು ತುಂಬಿ, ಅಲೆಗಳು ಮುಖದ ಮೇಲೆ ಆಡಿಸುವ ಬೆಳಕಿನ ಬಲೆಯನ್ನು ತೆಗೆಯಬೇಕಾಗಿದೆ. ಅದಕ್ಕೆ ಬಲ್ಬನ್ನು ನೀರಿನ ಮೇಲೆ ಎಷ್ಟು ಎತ್ತರದಲ್ಲಿ ಹಿಡಿಯಬೇಕೆಂದು ದಿನವೂ ಸಂಜೆ ಒಂದೊಂದು ಗೇಣು ಬದಲಿಸಿ ನೋಡುತ್ತಿದ್ದೇನೆ.